ಪದಕ ಹೊಳೆಯಲೇಬೇಕು ಅಂತೇನಿಲ್ಲ

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಮಾವನವರ ಅಪ್ಪ, ಮಾವ, ನಮ್ಮೆಜಮಾನರು ಮೂವರೂ ಸೈನ್ಯದಲ್ಲಿದ್ದವರು. ಈಗ ಮಗನೂ ಅಲ್ಲೇ. ಅವರ ಪದಕ, ಬಟ್ಟೆ, ಕಾಗದಪತ್ರ ತುಂಬಿದ ಕಬ್ಬಿಣದ ಟ್ರಂಕೊಂದು ಕೈಯಿಂದ ಕೈಗೆ ದಾಟಿ ಈಗ ನನ್ನ ಸುಪರ್ದಿಗೆ ಬಂದಿದೆ. ಗೆದ್ದು ತಂದವರು ಅವರು, ನುಸಿ ಹೊಡೆಯದಂತೆ ಕಾಯುವುದು ಮಾತ್ರ ಯಾವತ್ತೂ ಮನೆಯಲ್ಲಿ ಉಳಿದವರ ಕೆಲಸ ಅನ್ನಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮದುವೆಯಾದ ಹೊಸತು. ಟ್ರಂಕಿನಲ್ಲಿ ಉಣ್ಣೆ ಕಾಲುಚೀಲದೊಳಗೆ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಬೆಳ್ಳಿ ಪದಕವೊಂದು ಸಿಕ್ಕಿತು. ಕಪ್ಪಗೆ ಕಾಡಿಗೆಯ ಹಾಗಿತ್ತು. ಅಯ್ಯೋ ಅನ್ನಿಸಿ ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಿದೆ. ಫಳಫಳ ಅಂತು. ಖುಷಿಯಿಂದ ಅತ್ತೆಗೆ ತೋರಿಸಿದರೆ ಅವರು ಪದಕದ ಮುಖ ನೋಡಲೇ ಇಲ್ಲ, ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಎಷ್ಟೋ ಪದಕಗಳಲ್ಲಿ ಪಡೆದವರ ನಂಬರು, ದರ್ಜೆ, ಹೆಸರು, ಪಲ್ಟನ್ನು ಇರುವುದು ಆ ಸಪೂರ ಅಂಚಿನಲ್ಲಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಕೂಡ ಹಾಗೇ. ಮೊದಲೇ ಸವೆದಿದ್ದ ಎರಡು ಅಕ್ಷರ ನನ್ನ ಕೈಯಲ್ಲಿ ಪೂರ್ತಿ ಹೋಗಿದ್ದವು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆಗುವ ತೆಳು ಪದರ ಅದು. ಪ್ರತಿ ಸಲ ತಿಕ್ಕಿದಾಗಲೂ ಆ ಪದರದ ಜೊತೆ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ಉಣ್ಣೆ, ರಬ್ಬರ್ ಎರಡೂ ಗಂಧಕ ಬಿಡುವ ವಸ್ತುಗಳೇ. ಅಂದರೆ ನಮ್ಮ ಪದಕವನ್ನು ಕಪ್ಪು ಮಾಡಿದ್ದು ಅದನ್ನು ಜೋಪಾನ ಮಾಡಿದ ರೀತಿಯೇ! ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿಡಿ, ಸಾಕು. ದ್ರವದ ಪಾಲಿಶ್ ಹಚ್ಚಿದರೆ ಸಂದುಗಳಲ್ಲಿ ಬಿಳಿ ಪುಡಿ ಉಳಿಯುತ್ತದೆ, ರಿಬ್ಬನ್‌ಗೆ ತಾಗಿದರೆ ಕಲೆ ಖಂಡಿತ. ಪಿವಿಸಿ ಪ್ಲಾಸ್ಟಿಕ್ ಚೀಲವೂ ಬೇಡ. ಅದು ಹಳೆಯದಾಗುತ್ತ ಆಮ್ಲ ಬಿಡುತ್ತದೆ, ಕಂಚಿನ ಪದಕ ಹಸಿರಾಗುತ್ತದೆ.

ರಿಬ್ಬನ್ ಮಾಸಿದೆ ಅಂತ ಹೊಸದು ಹೊಲಿಸುವವರಿದ್ದಾರೆ. ನನಗೆ ಇಷ್ಟವಿಲ್ಲದ ಕೆಲಸ. ಹಾಕಲೇಬೇಕು ಅಂದರೆ ಹಳೆಯದನ್ನು ಬಿಸಾಡದೆ ಜೊತೆಗೇ ಇಡಿ. ಬೆಳಕಿಗೆ ಹೋದ ಬಣ್ಣ ಮತ್ತೆ ಬರುವುದಿಲ್ಲ, ಹಾಗಾಗಿ ಗೋಡೆಗೆ ನಕಲು ಪದಕ ತೂಗುಹಾಕಿ, ಅಸಲು ಕತ್ತಲಲ್ಲಿರಲಿ.

ಕತ್ತಿ ಇರುವ ಮನೆಯವರು ಸಾಮಾನ್ಯವಾಗಿ ಅದನ್ನು ಚರ್ಮದ ಒರೆಯಲ್ಲೇ ಇಟ್ಟು ನಿಶ್ಚಿಂತೆಯಾಗಿರುತ್ತಾರೆ. ಒರೆ ಇರುವುದು ಹೊತ್ತುಕೊಂಡು ಓಡಾಡುವುದಕ್ಕೆ, ವರ್ಷಗಟ್ಟಲೆ ಇಡುವುದಕ್ಕಲ್ಲ. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಹದ ಮಾಡಿದಾಗಿನ ಆಮ್ಲವೂ ಅದರಲ್ಲಿರುತ್ತದೆ, ಒಳಗಿಂದೊಳಗೇ ಅಲಗು ತುಕ್ಕು ಹಿಡಿಯುತ್ತದೆ. ಎರಡನ್ನೂ ಬೇರೆಬೇರೆ ಇಡಿ. ಅಲಗನ್ನು ಬರಿಗೈಲಿ ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗುತ್ತದೆ. ಕೈಗವಸು ಹಾಕಿ, ತೆಳ್ಳಗೆ ಮೆಷಿನ್ ಎಣ್ಣೆ ಸವರಿ, ಜಾಸ್ತಿಯಾದದ್ದನ್ನು ಒರೆಸಿಬಿಡಿ. ಬೆಲ್ಟಿನ ಹಿತ್ತಾಳೆ ಬಕಲ್ ಸುತ್ತ ಮೇಣದಂಥ ಹಸಿರು ಕಿಲುಬು ಕಂಡರೆ ಗಾಬರಿಯಾಗಬೇಡಿ. ಚರ್ಮದ ಜಿಡ್ಡಿಗೂ ತಾಮ್ರದ ಅಂಶಕ್ಕೂ ಆಗಿಬರುವುದಿಲ್ಲ, ಅಷ್ಟೇ. ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ.

ಇನ್ನು ಉಣ್ಣೆಯ ಕೋಟು. ಹ್ಯಾಂಗರಿಗೆ ನೇತುಹಾಕಿದರೆ ಅದರ ಭಾರಕ್ಕೇ ಭುಜದ ಹೊಲಿಗೆ ಬಿಡುತ್ತದೆ. ಮಲಗಿಸಿ ಇಡಿ, ಮಡಿಕೆಯೊಳಗೆ ಕಾಗದದ ಸುರುಳಿ ಇಡಿ, ವರ್ಷಕ್ಕೊಮ್ಮೆ ಮಡಿಕೆಯ ಜಾಗ ಬದಲಾಯಿಸಿ. ಕಲೆ ಇದ್ದರೆ ಇರಲಿ, ತೊಳೆಯಬೇಡಿ. ಅದು ಎಲ್ಲಿಯ ಮಣ್ಣೋ, ಯಾರ ರಕ್ತವೋ. ನುಸಿಗುಳಿಗೆ ಹಾಕುವ ಅಭ್ಯಾಸ ಎಲ್ಲರಿಗೂ ಇದೆ, ಆದರೆ ನುಸಿಗುಳಿಗೆ ಮತ್ತು ಕರ್ಪೂರ ಒಟ್ಟಿಗೆ ಬೇಡ. ಎರಡೂ ಸೇರಿದರೆ ಸೆಕೆಗಾಲದ ಬಿಸಿಗೇ ಕರಗಿ ಬಟ್ಟೆಗೆ ಎಣ್ಣೆಯಂಥ ಕಲೆಯಾಗುತ್ತದೆ. ಹುಳು ಬಿದ್ದೇಬಿಟ್ಟಿದ್ದರೆ ಕೋಟನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 2 ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ: ಲ್ಯಾಮಿನೇಷನ್ ಬೇಡ, ಸೆಲ್ಲೋ ಟೇಪ್ ಬೇಡ, ಗುಂಡುಪಿನ್ನು ಬೇಡವೇ ಬೇಡ. ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ.

ಎರಡು ವಸ್ತುಗಳಿಗೆ ಮಾತ್ರ ಹುಷಾರು. ಒಂದು, ಹಳೆಯ ಸೇನಾ ಗಡಿಯಾರ, ದಿಕ್ಸೂಚಿ. ಎರಡು ಮಹಾಯುದ್ಧಗಳ ಕಾಲದಲ್ಲಿ ಕತ್ತಲಲ್ಲಿ ಅಂಕಿ ಕಾಣಲಿ ಅಂತ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಹೊಳೆಯುತ್ತಿಲ್ಲ, ಹಾಗಾಗಿ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಸತ್ತಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು! ಗಾಜು ತೆಗೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ, ತಲೆದಿಂಬಿನ ಹತ್ತಿರ ಇಡಬೇಡಿ. ಇನ್ನೊಂದು, ನೆನಪಿಗೆ ಅಂತ ಯಾರೋ ತಂದಿಟ್ಟ ಗ್ರೆನೇಡು, ಶೆಲ್ಲು. ಹಳೆಯದಾದರೆ ಸಿಡಿಯುವುದಿಲ್ಲ ಅನ್ನುವುದು ಸುಳ್ಳು. ಅಲುಗಾಡಿಸದೆ ದೂರ ಹೋಗಿ ಪೊಲೀಸರಿಗೆ ಫೋನ್ ಮಾಡಿ.

ಟ್ರಂಕನ್ನು ಅಟ್ಟದ ಮೇಲೆ ಇಡಬೇಡಿ, ನೆಲಕ್ಕೆ ತಾಗಿಸಿಯೂ ಇಡಬೇಡಿ. ಹೊರಗೋಡೆಗಿಂತ ಒಳಗೋಡೆಯ ಪಕ್ಕ ಒಳ್ಳೆಯದು, ಅಲ್ಲಿ ತೇವ ಕಡಿಮೆ. ಕೆಳಗೆ ಎರಡು ಮರದ ತುಂಡು, ಒಳಗೆ ಒಂದಷ್ಟು ಸಿಲಿಕಾ ಜೆಲ್ ಪೊಟ್ಟಣ.

ಇಷ್ಟೆಲ್ಲ ಮಾಡಿಯೂ ಒಂದು ಕೆಲಸ ಬಿಟ್ಟರೆ ಎಲ್ಲ ದಂಡ. ಯಾವುದು ಯಾರದ್ದು ಅಂತ ಬರೆದಿಡಬೇಕು. ಸರ್ಕಾರದ ಹತ್ತಿರ ದಾಖಲೆ ಇರುತ್ತದಲ್ವಾ ಅನ್ನಬೇಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರಲ್ಲಿ ಲಂಡನ್ ಮೇಲಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಅಮೆರಿಕದ ಸೇಂಟ್ ಲೂಯಿಯಲ್ಲಿ 1973ರ ಬೆಂಕಿ ಸುಮಾರು 1.6ರಿಂದ 1.8 ಕೋಟಿ ಸೇನಾ ಕಡತಗಳನ್ನು ನುಂಗಿತು. ಅಂಥ ಮನೆಗಳಲ್ಲಿ ಪದಕದ ಅಂಚು, ಹಳೆ ಪೇಬುಕ್ಕು (ಸೈನಿಕನ ಸಂಬಳದ ಪುಸ್ತಕ), ಇಂಥವೇ ಆಧಾರ. ಸೇವಾ ನಂಬರು ತಪ್ಪದೆ ಬರೆದಿಡಿ, ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ. ಒಬ್ಬರ ಪದಕಗಳನ್ನು ಮಕ್ಕಳಿಗೆ ಒಂದೊಂದಾಗಿ ಹಂಚಬೇಡಿ. ನ್ಯಾಯವಾಗಿ ಹಂಚಿದ ಹಾಗೆ ಕಾಣುತ್ತದೆ, ಆದರೆ ಮುಂದಿನ ತಲೆಮಾರಿಗೆ ಅವು ಒಬ್ಬನದ್ದೇ ಅಂತ ಗೊತ್ತಾಗುವುದಿಲ್ಲ. ನಮ್ಮಲ್ಲಿ ಟ್ರಂಕು ಮಗನಿಗೆ, ಕಾಗದಗಳ ನಕಲು ಮಗಳಿಗೆ ಅಂತ ತೀರ್ಮಾನವಾಗಿದೆ. ಮಗಳು ಇನ್ನೂ ಪೂರ್ತಿ ಒಪ್ಪಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿ ಇದೆ. ಬೆಲ್ಟಿನ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಎರಡು ಅಕ್ಷರಗಳಿವೆ, ನಮ್ಮ ಮನೆಯ ಯಾರ ಹೆಸರಿಗೂ ಹೊಂದುವುದಿಲ್ಲ. ಅತ್ತೆಯನ್ನು ಕೇಳಬೇಕಿತ್ತು. ಅವರಿದ್ದಾಗ ಬೆಲ್ಟನ್ನು ತಿರುಗಿಸಿ ನೋಡಿರಲಿಲ್ಲ.