ವಿಡಿಯೋ ನೋಡಿ ಪೂಲ್ ಆಟ ತಿದ್ದಿಕೊಂಡ ಬಗೆ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಪಾರ್ಲರೊಂದರಲ್ಲಿ, ಬಟ್ಟೆ ಹೊದಿಸಿದ ಮೇಜಿನ ಮೇಲೆ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು ಉಳಿದ ಚೆಂಡುಗಳನ್ನು ಪಾಕೆಟ್ಟಿಗೆ ಬೀಳಿಸುವ ಪೂಲ್ ಆಡಲು ಆರಂಭಿಸಿ ಎರಡು ವರ್ಷ ಕಳೆದಿದ್ದರೂ ನಾನು ನೇರ ಹೊಡೆತಗಳಲ್ಲೇ ಅರ್ಧಕ್ಕರ್ಧ ತಪ್ಪುತ್ತಿದ್ದೆ. ಪಕ್ಕದಲ್ಲಿ ನಿಂತು ಹೇಳಿಕೊಡುವ ತರಬೇತುದಾರರು ನನಗೆ ಸಿಕ್ಕಿರಲಿಲ್ಲ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಶಿಫ್ಟ್ ಮುಗಿಸಿ ಬರುವ ಬಸ್ಸಿನಲ್ಲಿ ಪಾಠದ ವಿಡಿಯೋಗಳನ್ನು ಒಂದರ ಹಿಂದೊಂದು ನೋಡುತ್ತಿದ್ದೆ. ನೋಡುವಾಗ ಎಲ್ಲವೂ ಅರ್ಥವಾಗುತ್ತಿತ್ತು. ಆದರೆ ಕ್ಯೂ (ಹೊಡೆಯುವ ಕೋಲು) ಹಿಡಿದು ಬಾಗಿದ ಕೂಡಲೇ ನಿಲುವು, ಬ್ರಿಡ್ಜ್ (ಕ್ಯೂಗೆ ಆಸರೆಯಾಗುವ ಕೈಯ ಭಂಗಿ), ಗುರಿ, ಸ್ಪಿನ್ ಎಲ್ಲವೂ ಒಟ್ಟಿಗೆ ನೆನಪಿಗೆ ಬಂದು, ಮೊದಲಿಗಿಂತಲೂ ಹೆಚ್ಚು ತಪ್ಪುತ್ತಿದ್ದೆ.

ಮೇಜಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕಾದ್ದರಿಂದ, ಒಂದು ವಿಡಿಯೋದ ಒಂದೇ ಅಂಶವನ್ನು ಆರಿಸಿಕೊಂಡು, ಅದು ಕೈಗೆ ಕೂರುವವರೆಗೆ ಮತ್ತೊಂದನ್ನು ನೋಡುವುದಿಲ್ಲವೆಂದು ನಿರ್ಧರಿಸಿದೆ. ಮೊದಲು ಆರಿಸಿಕೊಂಡದ್ದು ಸ್ಟಾಪ್ ಶಾಟ್. ಬಿಳಿ ಚೆಂಡು ಉರುಳದೆ ಜಾರುತ್ತಲೇ ಹೋಗಿ ಎದುರಿನ ಚೆಂಡಿಗೆ ನೇರವಾಗಿ ತಗುಲಿದರೆ, ತನ್ನ ವೇಗವನ್ನೆಲ್ಲ ಅದಕ್ಕೆ ಕೊಟ್ಟು ಅಲ್ಲೇ ನಿಂತುಬಿಡುತ್ತದೆ. ಅಂತರ ಹೆಚ್ಚಿದಷ್ಟೂ ಬಟ್ಟೆಯ ಘರ್ಷಣೆಯಿಂದ ಅದು ದಾರಿಯಲ್ಲೇ ಉರುಳತೊಡಗುವುದರಿಂದ, ದೂರದ ಹೊಡೆತಕ್ಕೆ ಕೇಂದ್ರಕ್ಕಿಂತ ಕೊಂಚ ಕೆಳಗೆ ಹೊಡೆಯಬೇಕಾಗುತ್ತದೆ. ಈ ಅಭ್ಯಾಸ ನನಗೆ ಹಿಡಿಸಿದ್ದು, ಪ್ರತಿ ತಪ್ಪಿಗೂ ಅದು ಬೇರೆ ಬೇರೆ ಗುರುತು ಬಿಟ್ಟುಹೋಗುವುದರಿಂದ. ಬಿಳಿ ಚೆಂಡು ಮುಂದಕ್ಕೆ ಸರಿದರೆ ಮೇಲೆ ಅಥವಾ ನಿಧಾನವಾಗಿ ಹೊಡೆದಿದ್ದೇನೆ. ಹಿಂದಕ್ಕೆ ಬಂದರೆ ತೀರಾ ಕೆಳಗೆ ಹೊಡೆದಿದ್ದೇನೆ. ಪಕ್ಕಕ್ಕೆ ಜರುಗಿದರೆ ಎದುರಿನ ಚೆಂಡಿಗೆ ಪೂರ್ತಿ ತಗುಲಿಲ್ಲ. ನಿಂತಲ್ಲೇ ಬುಗುರಿಯಂತೆ ತಿರುಗಿದರೆ ಕ್ಯೂ ತುದಿ ಎಡಕ್ಕೋ ಬಲಕ್ಕೋ ಬಿದ್ದಿದೆ. ಮಾಲೀಕರ ಒಪ್ಪಿಗೆ ಪಡೆದು, ಪಂಚ್ ಮಾಡಿದ ಹಾಳೆಗೆ ಅಂಟಿಸುವ ಉಂಗುರದ ಸ್ಟಿಕರ್‌ಗಳನ್ನು ಬಟ್ಟೆಯ ಮೇಲಿಟ್ಟು ಚೆಂಡುಗಳ ಜಾಗ ಗುರುತು ಮಾಡಿಕೊಂಡೆ. ಒಂದು ಅಡಿ, ಎರಡು ಅಡಿ, ನಾಲ್ಕು ಅಡಿ ಅಂತರಗಳಲ್ಲಿ ಹತ್ತು ಹತ್ತು ಹೊಡೆತ ಹೊಡೆದು ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ನಾಲ್ಕು ಅಡಿಯಲ್ಲಿ ಮೊದಲ ದಿನ ಹತ್ತರಲ್ಲಿ ಎರಡು ಮಾತ್ರ ನಿಂತವು. ಉಳಿದವುಗಳಲ್ಲಿ ಹೆಚ್ಚಿನವು ಬಲಕ್ಕೆ ಜರುಗಿದ್ದವು.

ಹೀಗೇಕೆ ಎಂಬುದು ಯಾವ ಪಾಠದಲ್ಲೂ ಸಿಗಲಿಲ್ಲ. ಸಿಕ್ಕಿದ್ದು ನನ್ನದೇ ವಿಡಿಯೋದಲ್ಲಿ. ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ಸೆಕೆಂಡಿಗೆ 240 ಚಿತ್ರಗಳ ಸ್ಲೋ ಮೋಷನ್‌ನಲ್ಲಿ, ಒಮ್ಮೆ ಎದುರಿನಿಂದ ಹಾಗೂ ಒಮ್ಮೆ ಪಕ್ಕದಿಂದ ಸೆರೆಹಿಡಿದೆ. ಸೆಕೆಂಡಿಗೆ 30 ಚಿತ್ರಗಳಂತೆ ಓಡಿಸಿದರೆ ಒಂದು ಸೆಕೆಂಡಿನ ಹೊಡೆತ ಎಂಟು ಸೆಕೆಂಡು ಕಾಣುತ್ತದೆ. ಪಾಠದ ವಿಡಿಯೋದಲ್ಲಿ ತರಬೇತುದಾರರ ಮುಂಗೈ ಚೆಂಡಿಗೆ ತಾಗುವ ಕ್ಷಣದಲ್ಲಿ ಗಡಿಯಾರದ ಲೋಲಕದಂತೆ ನೇರ ಕೆಳಗೆ ತೂಗುತ್ತಿತ್ತು, ತಲೆ ಕದಲುತ್ತಿರಲಿಲ್ಲ. ನನ್ನದರಲ್ಲಾದರೋ ಹೊಡೆಯುವ ಮುನ್ನವೇ ತಲೆ ಮೇಲೇಳುತ್ತಿತ್ತು ಮತ್ತು ಅದರ ಜೊತೆಗೇ ಮೊಣಕೈ ಹೊರಕ್ಕೆ ಸರಿಯುತ್ತಿತ್ತು. ಚೆಂಡು ಪಾಕೆಟ್ಟಿಗೆ ಬಿತ್ತೇ ಎಂದು ನೋಡುವ ಆತುರವೇ ಇದಕ್ಕೆ ಕಾರಣವಾಗಿತ್ತು. ಆ ಬಳಿಕ ಪಂಕಜ್ ಅಡ್ವಾಣಿಯವರ ಪಂದ್ಯಗಳನ್ನು ಧ್ವನಿ ನಿಲ್ಲಿಸಿ, ಚೆಂಡನ್ನು ಬಿಟ್ಟು ಅವರ ತಲೆಯನ್ನಷ್ಟೇ ಗಮನಿಸುತ್ತಾ ನೋಡಿದೆ. ಅವರ ಆಟ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆದರೂ, ಹೊಡೆತದ ನಂತರವೂ ಕೆಳಗೇ ಉಳಿಯುವ ಆ ಸ್ಥಿರತೆ ಪೂಲ್‌ಗೂ ಅಷ್ಟೇ ಬೇಕು. ಆರು ವಾರಗಳಲ್ಲಿ ನನ್ನ ಲೆಕ್ಕ ಹತ್ತಕ್ಕೆ ಏಳಕ್ಕೆ ಬಂತು.

ನಂತರ ಕಲಿತದ್ದು ಬಿಳಿ ಚೆಂಡು ಎಲ್ಲಿಗೆ ಹೋಗುತ್ತದೆಂಬುದನ್ನು. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ, ಆಟಗಾರರ ನಡುವೆ ‘ಡಾ. ಡೇವ್’ ಎಂದೇ ಹೆಸರಾದವರ ಪಾಠ ಇದಕ್ಕೆ ನೆರವಾಯಿತು. ಉರುಳುತ್ತಾ ಬರುವ ಬಿಳಿ ಚೆಂಡು ಎದುರಿನ ಚೆಂಡಿನ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಎಷ್ಟೇ ತಗುಲಿದರೂ, ತನ್ನ ಮೂಲ ದಾರಿಯಿಂದ ಸುಮಾರು 30 ಡಿಗ್ರಿಯಷ್ಟೇ ತಿರುಗುತ್ತದೆ. ತೋರುಬೆರಳು ಮತ್ತು ನಡುಬೆರಳನ್ನು ಆರಾಮವಾಗಿ ಅಗಲಿಸಿದರೆ ಹೆಚ್ಚುಕಡಿಮೆ ಅದೇ ಕೋನ ಸಿಗುವುದರಿಂದ, ಹೊಡೆಯುವ ಮೊದಲು ಒಂದು ಬೆರಳನ್ನು ಬಿಳಿ ಚೆಂಡಿನ ದಾರಿಗೆ ಹಿಡಿದು, ಇನ್ನೊಂದು ತೋರುವ ದಿಕ್ಕಿನಲ್ಲಿ ಪಾಕೆಟ್ ಇದೆಯೇ ಎಂದು ನೋಡುತ್ತೇನೆ. ಉರುಳದೆ ಜಾರುತ್ತಾ ತಗುಲಿದರೆ ಮಾತ್ರ ಲೆಕ್ಕ ಬೇರೆ. ಆಗ ಎರಡೂ ಚೆಂಡುಗಳು 90 ಡಿಗ್ರಿ ಅಂತರದಲ್ಲಿ ಬೇರೆಯಾಗುತ್ತವೆ. ಸ್ಟಾಪ್ ಶಾಟಿನಲ್ಲಿ ಕಳೆದ ವಾರಗಳು ಇಲ್ಲಿ ಫಲ ಕೊಟ್ಟವು, ಏಕೆಂದರೆ ಚೆಂಡನ್ನು ಜಾರಿಸುವುದು ಕೈಗೆ ಬಂದಿರದಿದ್ದರೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವೇ ಇರುತ್ತಿರಲಿಲ್ಲ.

ಬಲದ ವಿಷಯದಲ್ಲಿ ಮಾತ್ರ ವಿಡಿಯೋವನ್ನು ನಂಬಬಾರದೆಂದು ಕಂಡುಕೊಂಡೆ. ಅಲ್ಲಿ ಕಾಣುವುದು ಹೊಸ, ನುಣುಪಾದ ಬಟ್ಟೆ. ನಾನು ಆಡುವ ಮೇಜಿನದು ಸವೆದು ಧೂಳು ಕುಳಿತ ಬಟ್ಟೆ. ಇಲ್ಲಿ ಹಿಂದಕ್ಕೆ ತಿರುಗುವ ಸ್ಪಿನ್ ಬೇಗ ಕರಗಿಹೋಗುವುದರಿಂದ, ವಿಡಿಯೋದವರು ಐದು ಅಡಿ ದೂರದಿಂದ ಹೊಡೆಯುವ ಡ್ರಾ ಶಾಟನ್ನು (ತಗುಲಿದ ಮೇಲೆ ಬಿಳಿ ಚೆಂಡು ಹಿಂದಕ್ಕೆ ಬರುವ ಹೊಡೆತ) ಆಟದ ನಡುವೆ ನಾನು ಎರಡೂವರೆ ಅಡಿಯೊಳಗೆ ಮಾತ್ರ ಹೊಡೆಯುತ್ತೇನೆ. ಈಗ ನೋಟ್‌ಬುಕ್ಕಿನಲ್ಲಿ ತೆರೆದಿರುವುದು ಆ ಡ್ರಾ ಶಾಟಿನ ಪುಟವೇ. ಮೂರು ಅಡಿಯ ಸಾಲಿನಲ್ಲಿ ಕಳೆದ ಭಾನುವಾರ ಹತ್ತಕ್ಕೆ ಮೂರು ಎಂದು ಬರೆದಿದ್ದೇನೆ.