ದರಕಿನ ಬಣ್ಣದ ಚಿಟ್ಟೆ: ಈವ್ನಿಂಗ್ ಬ್ರೌನ್ ಗುರುತು ಹಿಡಿದ ಬಗೆ

ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವಾಗ ಕಾಲಬುಡದಿಂದ ಒಂದು ಒಣ ಎಲೆ ಎದ್ದು ಹಾರುತ್ತದೆ. ನಾಲ್ಕು ಮಾರು ಆಚೆ ಹೋಗಿ ಕೂತರೆ ಮತ್ತೆ ಎಲೆಯೇ. ಶಿರಸಿ ಕಡೆಯ ತೋಟಿಗರೆಲ್ಲ ನೋಡಿರುವ ಚಿಟ್ಟೆ ಇದು, ಕಾಮನ್ ಈವ್ನಿಂಗ್ ಬ್ರೌನ್. ಶಾಸ್ತ್ರದ ಹೆಸರು ಮೆಲಾನಿಟಿಸ್ ಲೀಡಾ. 1758ರಷ್ಟು ಹಿಂದೆಯೇ ಲಿನ್ನಿಯಸ್ ದಾಖಲಿಸಿದ್ದ.

ಇದರ ಬಣ್ಣವನ್ನು ಮಾತ್ರ ನಂಬಬೇಡಿ. ಬೇಸಿಗೆಯಲ್ಲಿ ಒಂದು ಬೂದು, ಪಕ್ಕದ್ದು ಕೆಂಪು ಕಂದು, ಇನ್ನೊಂದಕ್ಕೆ ಕಪ್ಪು ಮಚ್ಚೆ. ಮಳೆಗಾಲದಲ್ಲಿ ನೋಡಿದರೆ ಬೇರೆಯೇ ಜಾತಿ ಅನಿಸುತ್ತದೆ. ರೆಕ್ಕೆಯ ಕೆಳಬದಿ ತುಂಬ ಸಣ್ಣ ಸಣ್ಣ ಗೀರು, ಅಂಚಿನಲ್ಲಿ ಸಾಲಾಗಿ ಕಣ್ಣಿನಂಥ ದುಂಡು ಮಚ್ಚೆಗಳು. ಹಸಿರಿರುವ ಮಳೆಗಾಲದಲ್ಲಿ ಚಿಟ್ಟೆಯ ಓಡಾಟ ಜಾಸ್ತಿ, ಆಗ ಈ ಕಣ್ಣು ಕೆಲಸಕ್ಕೆ ಬರುತ್ತದೆ. ಹಕ್ಕಿಯೋ ಓತಿಯೋ ಆ ಕಣ್ಣಿಗೆ ಬಾಯಿ ಹಾಕಿದರೆ ರೆಕ್ಕೆಯ ಅಂಚು ಹರಿಯುತ್ತದೆ, ಜೀವ ಉಳಿಯುತ್ತದೆ. ಬೇಸಿಗೆಯಲ್ಲಿ ಅದಕ್ಕೆ ದರಕಿನ ಮೇಲೆ ಸುಮ್ನೆ ಕೂರುವುದೇ ಕೆಲಸ, ಕಣ್ಣು ಇದ್ದರೆ ಸಿಕ್ಕಿಬೀಳುತ್ತದೆ. ಹಾಗಾಗಿ ಬರೀ ಚುಕ್ಕಿ.

ನಾನು ಮೊದಲು ನೋಡುವುದು ಮುಂದಿನ ರೆಕ್ಕೆಯ ತುದಿ. ಕತ್ತರಿಯಲ್ಲಿ ಕತ್ತರಿಸಿದ ಹಾಗಿರುತ್ತದೆ, ಬೇಸಿಗೆಯದ್ದಕ್ಕೆ ಇನ್ನೂ ಚೂಪು. ಆಮೇಲೆ ಮೇಲ್ಬದಿ. ತುದಿಯ ಹತ್ತಿರ ಕಪ್ಪು ಮಚ್ಚೆ, ಅದರಲ್ಲಿ ಎರಡು ಬಿಳಿ ಚುಕ್ಕಿ, ಒಳಗಡೆಗೆ ಕೇಸರಿ ಬಳಿದಂತೆ. ಇಷ್ಟು ಕಂಡರೆ ಸಾಕು. ಆದರೆ ಹಗಲಿನಲ್ಲಿ ಇದು ರೆಕ್ಕೆ ಬಿಚ್ಚುವುದೇ ಅಪರೂಪ. ದೀಪ ಹಚ್ಚುವ ಹೊತ್ತಿಗೆ ಕಾಯಬೇಕು. ಹೂವಿನ ಹತ್ತಿರ ಕಾದು ಪ್ರಯೋಜನ ಇಲ್ಲ, ಇದಕ್ಕೆ ಕೊಳೆತ ಹಣ್ಣು ಇಷ್ಟ. ನಾನು ತೋಟದ ಅಂಚಿನಲ್ಲಿ ಕಳಿತ ಬಾಳೆಹಣ್ಣು ಹಿಚುಕಿ ಇಡುತ್ತೇನೆ. ಹಲಸಿನ ಕಾಲದಲ್ಲಿ ಆ ಕಷ್ಟವೂ ಬೇಡ.

ಮೊಟ್ಟೆ, ಹುಳು ಬೇಕಾದರೆ ಬೆಟ್ಟ ಬಿಟ್ಟು ಗದ್ದೆಗೆ ಇಳಿಯಬೇಕು. ಭತ್ತ, ಹುಲ್ಲು ಇದರ ಹುಳುವಿನ ಊಟ. ಗರಿಯ ಅಂಚು ತಿಂದಿದ್ದರೆ ಅಡಿಬದಿ ತಿರುಗಿಸಿ ನೋಡಿ. ಹಸಿರು ಹುಳು ಗರಿಯ ಉದ್ದಕ್ಕೆ ಅಂಟಿಕೊಂಡಿರುತ್ತದೆ. ತಲೆಯ ಮೇಲೆ ಎರಡು ಕೋಡು, ಹಿಂದೆ ಕವಲೊಡೆದ ಬಾಲ. ಕೋಡಿನ ಮೇಲೂ ನವಿರು ರೋಮ ಇರುತ್ತದೆ, ಲೆನ್ಸ್ ಇದ್ದರೆ ನೋಡಲೇಬೇಕು.

ಸಾಕುವುದು ಸುಲಭ. ಸಣ್ಣ ಬಾಟಲಿಯಲ್ಲಿ ನೀರು ಹಾಕಿ ಹುಲ್ಲು ನಿಲ್ಲಿಸಿ, ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳು ಇಳಿದು ಮುಳುಗುತ್ತದೆ. ಮೇಲೆ ಸೊಳ್ಳೆಪರದೆಯ ತುಂಡು. ಹಿಕ್ಕೆಯನ್ನು ದಿನಾ ತೆಗೆಯಬೇಕು, ಬೂಸ್ಟು ಬಂದರೆ ಮುಗಿಯಿತು. "ಎಂತಕ್ಕೆ ತಮಾ ಈ ಹುಳ ಸಾಕದು?" ಅಂತ ಆಯಿ ಕೇಳುತ್ತಿದ್ದಳು. ಹಸಿರು ಕೋಶ ತಲೆಕೆಳಗಾಗಿ ನೇತುಬಿದ್ದ ಮೇಲೆ ಬಾಟಲಿ ಜಗಲಿಯಿಂದ ಕದಲದಂತೆ ನೋಡಿಕೊಂಡವಳೂ ಅವಳೇ. ಚಿಟ್ಟೆ ಬರುವ ಮೊದಲು ಕೋಶ ಕಪ್ಪಾಗುತ್ತದೆ, ಒಳಗಿನ ರೆಕ್ಕೆ ಹೊರಗಿನಿಂದಲೇ ಕಾಣುತ್ತದೆ.

ಮಳೆಗಾಲದ ಹುಳುಗಳಿಂದ ಕಣ್ಣಿನ ಚಿಟ್ಟೆ ಬಂತು. ದೀಪಾವಳಿ ಕಳೆದ ಮೇಲೆ ತೋಟದ ಬಸಿಗಾಲುವೆ ಬದಿಯ ಹುಲ್ಲಿನಲ್ಲಿ ಸಿಕ್ಕವುಗಳಿಂದ ದರಕಿನ ಬಣ್ಣದ್ದು. ಯಾವ ವೇಷ ಎನ್ನುವುದು ಹುಳುವಾಗಿದ್ದಾಗಿನ ಹವೆಯ ಮೇಲೆಯೇ ನಿಂತಿದೆ.

ಭತ್ತಕ್ಕೆ ಕಾಟವೇ ಎಂದು ಗದ್ದೆ ಇರುವವರು ಕೇಳುತ್ತಾರೆ. ಅಲ್ಲಿ ಇಲ್ಲಿ ನಾಲ್ಕು ಗರಿ ತಿನ್ನುತ್ತದೆ, ಅಷ್ಟೇ. ಅದಕ್ಕೆಂದು ಔಷಧಿ ಹೊಡೆಯುವುದು ದುಡ್ಡು ದಂಡ.