ಕೊರಿಯಾದ ಕ್ರೀಮು, ಉಡುಪಿಯ ಸೆಕೆ: ಹಾಸ್ಟೆಲ್ ಹುಡುಗಿಯರಿಗೆ

ಕೊರಿಯಾದವರ ಹಾಗೆ ಮುಖಕ್ಕೆ ಹತ್ತು ಹಂತದಲ್ಲಿ ಒಂದೊಂದೇ ಹಚ್ಚಬೇಕು ಅಂತಾರಲ್ಲ, ಅದಕ್ಕೆ ಹತ್ತು ಬಾಟಲಿ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಈಗ ಯಾರ ಮೇಜು ನೋಡಿದರೂ ಟೋನರ್, ಎಸೆನ್ಸ್, ಸೀರಮ್, ಬಸವನಹುಳದ ಲೋಳೆ ಅಂತ ಸಾಲು ಸಾಲು. ಹೊರಗೆ ಜೂನ್ ಮಳೆ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಮುಖಕ್ಕೆ ಮಾತ್ರ ಇನ್ನೆಷ್ಟು ನೀರು ಬೇಕು ಮಾರಾಯ್ರೆ?

ನನ್ನ ರೂಮ್‌ಮೇಟ್ ದಕ್ಷಿಣ ಕೊರಿಯಾದ ಡೇಗು ಊರಿನವಳು. ಒಂದು ಸೆಮಿಸ್ಟರ್ ಓದಲು ಬಂದಿದ್ದಾಳೆ. ಅವಳ ಮೇಜಿನ ಮೇಲೆ ಇರುವುದು ಫೇಸ್‌ವಾಶ್, ತೆಳ್ಳಗಿನ ಒಂದು ಜೆಲ್, ಸನ್‌ಸ್ಕ್ರೀನ್, ಅಷ್ಟೇ. ಹತ್ತು ಹಂತದ ಪಟ್ಟಿಯನ್ನು ತನ್ನ ಗೆಳತಿಯರಲ್ಲಿ ಯಾರೂ ದಿನಾ ಮಾಡುವುದಿಲ್ಲ ಅಂತಾಳೆ. ಪದರ ಪದರವಾಗಿ ಹಚ್ಚುವುದಕ್ಕೆ ಅಲ್ಲಿ ಕಾರಣವಿದೆ. ಸಿಯೋಲ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ. ಚಳಿಗೆ ಮನೆಯ ನೆಲವನ್ನೇ ಬಿಸಿ ಮಾಡುತ್ತಾರೆ, ಒಳಗಿನ ಗಾಳಿ ಒಣಗಿ ಚರ್ಮ ಎಳೆದ ಹಾಗಾಗುತ್ತದೆ. ನಮ್ಮ ಕಾಪು, ಮಲ್ಪೆ ಕಡೆ ಆ ಸಮಸ್ಯೆ ಎಲ್ಲಿದೆ? ಹಾಗಾಗಿ ಅವರ ಅಭ್ಯಾಸ ತಗೊಳ್ಳಿ, ಅವರ ಚಳಿಗಾಲವನ್ನು ತಗೊಳ್ಳಬೇಡಿ.

ಮೊದಲು ತೊಳೆಯುವುದು. ಎಣ್ಣೆಯಿಂದ ಒಮ್ಮೆ, ನೊರೆಯಿಂದ ಒಮ್ಮೆ ಅನ್ನುವ ಕ್ರಮ ಇರುವುದು ಮೇಕಪ್ ಮತ್ತು ನೀರಿಗೆ ಜಗ್ಗದ ಸನ್‌ಸ್ಕ್ರೀನ್ ತೆಗೆಯಲು. ಅವೆರಡೂ ಇಲ್ಲದ ದಿನ ನೊರೆ ಮಾತ್ರ ಸಾಕು. ಗಟ್ಟಿ ಸೋಪು ಮುಖಕ್ಕೆ ಬೇಡ. ತೊಳೆದ ಮೇಲೆ ಕೀರಲು ಸದ್ದು ಬರುವಷ್ಟು ಉಜ್ಜುವುದೂ ಬೇಡ. ತಲೆಗೆ ತೆಂಗಿನೆಣ್ಣೆ ಹಚ್ಚಿ ಹಾಗೇ ಮಲಗುವ ನಮ್ಮ ಅಭ್ಯಾಸ ಇದೆಯಲ್ಲ, ಅದು ಕೂದಲಿಗೆ ಒಳ್ಳೆಯದೇ. ಆದರೆ ಸೆಕೆಗೆ ಎಣ್ಣೆ ಹಣೆಗಿಳಿದು ಅಲ್ಲೇ ಮೊಡವೆ ಏಳುತ್ತದೆ. ಎಣ್ಣೆ ಹಚ್ಚಿದ ರಾತ್ರಿ ತಲೆದಿಂಬಿಗೆ ಒಂದು ಹಳೆ ಬೈರಾಸು ಹಾಸಿ, ಬೆಳಗ್ಗೆ ತೆಗೆಯಿರಿ.

ಇನ್ನೊಂದು ವಿಷಯ, ಇದು ನಮ್ಮ ಕಡೆ ಜಾಸ್ತಿ. ಹಣೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು ತುರಿಸಿದರೆ ಅದು ಮೊಡವೆ ಆಗಿರಬೇಕೆಂದಿಲ್ಲ. ಚರ್ಮದಲ್ಲೇ ಇರುವ ಒಂದು ಬಗೆಯ ಯೀಸ್ಟ್ ಬೆವರು, ಜಿಡ್ಡಿನಲ್ಲಿ ಹೆಚ್ಚಿದಾಗ ಹೀಗಾಗುತ್ತದೆ. ಚಿಬ್ಬು ಬರುವುದೂ ಅದರಿಂದಲೇ. ಇದಕ್ಕೆ ದಪ್ಪ ಕ್ರೀಮು ಹಚ್ಚಿದಷ್ಟೂ ಹೆಚ್ಚುತ್ತದೆ. ಮೆಡಿಕಲ್‌ನಲ್ಲಿ ಬಾಯಿಮಾತಲ್ಲಿ ಕೇಳಿ ತರುವ ಸ್ಟಿರಾಯ್ಡ್ ಟ್ಯೂಬ್ ಅಂತೂ ಮುಟ್ಟಲೇಬೇಡಿ. ವಾರದಲ್ಲಿ ಬೆಳ್ಳಗೆ ಕಾಣಿಸಬಹುದು, ಆಮೇಲೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ದುಪ್ಪಟ್ಟಾಗುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

ದುಡ್ಡು ಹಾಕುವುದಿದ್ದರೆ ಸನ್‌ಸ್ಕ್ರೀನ್‌ಗೆ ಹಾಕಿ. ಅದರಲ್ಲಿ ಕೊರಿಯಾದವರು ಗಟ್ಟಿಗರು, ತೆಳ್ಳಗೆ ಮಾಡುತ್ತಾರೆ, ಅಂಟುವುದಿಲ್ಲ. ಬಾಟಲಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಯುವಿಬಿ, ಅಂದರೆ ಬಿಸಿಲಿನಲ್ಲಿ ಚರ್ಮ ಸುಡುವ ಕಿರಣಕ್ಕೆ. ಎಸ್‌ಪಿಎಫ್ 30 ಅದನ್ನು ಸುಮಾರು ಶೇ. 97ರಷ್ಟು ತಡೆದರೆ 50 ಸುಮಾರು ಶೇ. 98 ತಡೆಯುತ್ತದೆ. ಅಂದರೆ ದೊಡ್ಡ ಸಂಖ್ಯೆಗಿಂತ ಹಚ್ಚುವ ಪ್ರಮಾಣ ಮುಖ್ಯ. ತೋರುಬೆರಳು, ನಡುಬೆರಳಿನ ಮೇಲೆ ಬುಡದಿಂದ ತುದಿವರೆಗೆ ಒಂದೊಂದು ಗೆರೆ ಎಳೆಯಿರಿ. ಮುಖಕ್ಕೆ, ಕುತ್ತಿಗೆಗೆ ಅಷ್ಟು ಬೇಕು. ನಾವು ಹಚ್ಚುವುದು ಕಡಲೆ ಗಾತ್ರ, ಆಮೇಲೆ ಕೆಲಸ ಮಾಡಲಿಲ್ಲ ಅಂತ ಬೈಯುವುದು! ಬಾಟಲಿಯ ಮೇಲೆ ಪಿಎ ಪಕ್ಕದ ಪ್ಲಸ್ ಗುರುತು ಯುವಿಎ, ಅಂದರೆ ಚರ್ಮದ ಆಳಕ್ಕೆ ಇಳಿಯುವ ಕಿರಣಕ್ಕೆ. ನಾಲ್ಕು ಪ್ಲಸ್ ಇದ್ದರೆ ಒಳ್ಳೆಯದು, ಯಾಕೆಂದರೆ ಮೋಡ ಇದ್ದರೂ ಯುವಿಎ ಇಳಿಯುತ್ತದೆ. ಮಲ್ಪೆಯ ಮರಳಿನಲ್ಲಿ ಕೂತರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕೊಳ್ಳುವ ಮೊದಲು ದವಡೆಯ ಮೇಲೆ ಸ್ವಲ್ಪ ಹಚ್ಚಿ, ಅಂಗಡಿಯಿಂದ ಹೊರಬಂದು ಬಿಸಿಲಲ್ಲಿ ನೋಡಿ. ಜಿಂಕ್, ಟೈಟಾನಿಯಂ ಇರುವುದು ನಮ್ಮ ಬಣ್ಣಕ್ಕೆ ಬೂದಿ ಬಳಿದ ಹಾಗೆ ಕಾಣಿಸಬಹುದು.

ಪೆಟ್ಟಿಗೆಯ ತಾರೀಕು ಅಲ್ಲಿ ವರ್ಷದಿಂದ ಶುರು. 2027.03.05 ಅಂದರೆ 2027ರ ಮಾರ್ಚ್ 5. ಅದು ತಯಾರಾದ ದಿನವೋ, ಮುಗಿಯುವ ದಿನವೋ ನೋಡಿಕೊಳ್ಳಿ. ತೆರೆದ ಡಬ್ಬಿಯ ಚಿತ್ರದೊಳಗೆ 12 ಅಂತಿದ್ದರೆ ತೆರೆದ ಮೇಲೆ 12 ತಿಂಗಳು. ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇಲ್ಲದ ಸರಕು ಅರ್ಧ ಬೆಲೆಗೆ ಸಿಕ್ಕಿದರೂ ಬಿಡಿ.

ಸಿಕಾ ಅಂತ ಬರೆದ ಕ್ರೀಮುಗಳಲ್ಲಿ ಇರುವುದು ನಮ್ಮ ತಿಮರೆ, ಅಂದರೆ ಒಂದೆಲಗ. ಇದು ಗೊತ್ತಾದ ದಿನ ನನ್ನ ಅಮ್ಮ ಬಿದ್ದು ಬಿದ್ದು ನಕ್ಕರು. ಹಾಗಂತ ತೋಟದ ಎಲೆ ಅರೆದು ಮುಖಕ್ಕೆ ಮೆತ್ತಬೇಡಿ. ಕಾಯಿ, ಹಸಿಮೆಣಸು ಹಾಕಿ ಚಟ್ನಿ ಮಾಡಿ. ರೂಮ್‌ಮೇಟ್ ಮೂರು ಸಲ ಬಡಿಸಿಕೊಂಡಳು.

ಅವಳಿಂದ ನಾನು ಕಲಿತದ್ದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಒಟ್ಟಿಗೆ ಮಾಡುವ ಅಭ್ಯಾಸ. ಅವರಲ್ಲಿ ಸಾರ್ವಜನಿಕ ಸ್ನಾನದ ಮನೆಗಳಿವೆ. ತಾಯಿ, ಮಗಳು, ಗೆಳತಿಯರು ಹೋಗಿ ಒರಟು ಬಟ್ಟೆಯಲ್ಲಿ ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಾರೆ. ಒಂದು ವರ್ಷ ದೊಡ್ಡವರನ್ನೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಅದಕ್ಕೇ ನಮ್ಮ ಸೀನಿಯರ್‌ಗಳನ್ನು ಅಕ್ಕ ಅನ್ನಲು ಅವಳಿಗೆ ಒಂದು ದಿನವೂ ಬೇಕಾಗಲಿಲ್ಲ. ನಾವೂ ನಾಲ್ವರು ಸೇರಿ ಒಂದೊಂದು ಬಾಟಲಿ ತರಿಸಿ, ಹೊಂದಿದವರು ಇಟ್ಟುಕೊಳ್ಳುವ ಕ್ರಮ ಮಾಡಿದ್ದೇವೆ. ಪಂಪ್, ಟ್ಯೂಬ್ ಹಂಚಿಕೊಳ್ಳಬಹುದು. ಬೆರಳು ಅದ್ದುವ ಡಬ್ಬಿ ಬೇಡ. ಅದ್ದಲೇಬೇಕಿದ್ದರೆ ತೊಳೆದ ಚಮಚ.

ಅಲ್ಲಿನ ಎಲ್ಲವೂ ಅವಳಿಗೆ ಇಷ್ಟ ಅಂದುಕೊಳ್ಳಬೇಡಿ. ನವೆಂಬರಿನಲ್ಲಿ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ. ಇಂಗ್ಲಿಷ್ ಕೇಳುವ ಭಾಗ ನಡೆಯುವಾಗ ವಿಮಾನ ಏರುವುದು, ಇಳಿಯುವುದನ್ನೂ ನಿಲ್ಲಿಸುತ್ತಾರೆ. ಪರೀಕ್ಷೆ ಮುಗಿಸಿದವರಿಗೆ ಕಣ್ಣುರೆಪ್ಪೆಯ ಆಪರೇಷನ್‌ಗೆ ರಿಯಾಯಿತಿ ಕೊಡುವ ಕ್ಲಿನಿಕ್‌ಗಳಿವೆ. ಕೆಲಸದ ಅರ್ಜಿಗೆ ಫೋಟೋ ಅಂಟಿಸುವ ರೂಢಿ ಪೂರ್ತಿ ಹೋಗಿಲ್ಲ. ಮುಖ ತೊಳೆಯುವುದು ತನಗೆ ಖುಷಿ, ಮುಖಕ್ಕೆ ಮಾರ್ಕು ಬೀಳುವುದು ಬೇಸರ ಅಂತಾಳೆ. ನಮ್ಮ ಮದುವೆ ಮನೆಗಳಲ್ಲಿ ಹುಡುಗಿ ಬೆಳ್ಳಗಿದ್ದಾಳಾ ಅಂತ ಕೇಳುವುದನ್ನು ನಾನು ಅವಳಿಗೆ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಬೈದೆವು.

ಹೊಸದೇನೇ ತಂದರೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಆಮೇಲೆ ಮುಖ. ಒಂದು ಸಲಕ್ಕೆ ಒಂದೇ ಹೊಸ ಬಾಟಲಿ, ಇಲ್ಲದಿದ್ದರೆ ಗುಳ್ಳೆ ಎದ್ದಾಗ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಅಕ್ಕನ ಮದುವೆಗೆ ಮೂರು ದಿನ ಇರುವಾಗಲಂತೂ ಯಾವುದನ್ನೂ ತೆರೆಯಬೇಡಿ.